ಕಾಲು ಮಿಲಿಮೀಟರ್ ಸವೆತಕ್ಕೆ ನಾಲ್ಕು ಟನ್ ಗುಜರಿ

ಮಲೆನಾಡಿನ ಊರುಗಳಲ್ಲಿ ಹಳೆಯ ಲಾರಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸುವ ಪದ್ಧತಿಯಿಲ್ಲ. ಇಳಿಜಾರು ಹುಡುಕಿ, ಮೂತಿ ಕೆಳಮುಖ ಮಾಡಿ, ಮುಂದಿನ ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸುತ್ತಾರೆ. ಮುಂಜಾನೆಯ ಚಳಿಗೆ ಸೆಲ್ಫ್ ಹಿಡಿಯುವುದಿಲ್ಲ. ಕಲ್ಲು ತೆಗೆದು, ಉರುಳಲು ಬಿಟ್ಟು, ಗೇರಿಗೆ ಹಾಕಿದಾಗ ಅದು ಎರಡು ಬಾರಿ ಕೆಮ್ಮಿ, ಬಿಳಿಯ ಹೊಗೆಯುಗುಳಿ ಎಚ್ಚರಗೊಳ್ಳುತ್ತದೆ. ಗೊಬ್ಬರ, ಜಂಬಿಟ್ಟಿಗೆ, ಅಡಿಕೆ ಮೂಟೆ, ಬಾಳೆಗೊನೆ, ಮದುವೆ ಚಪ್ಪರದ ಗಳ, ಮಳೆಗಾಲಕ್ಕೆ ಮುನ್ನ ತುಂಬಿಡಬೇಕಾದ ಒಣಹುಲ್ಲು ಎಲ್ಲವೂ ಅದರ ಬೆನ್ನ ಮೇಲೆಯೇ ಸಾಗುತ್ತವೆ. ಟಾಟಾ ಸಂಸ್ಥೆ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ 1954ರಲ್ಲಿ ಮಾಡಿಕೊಂಡ ಒಪ್ಪಂದ 1969ರಲ್ಲಿ ಮುಗಿಯಿತು. ಮೂತಿಯ ಮೇಲಿದ್ದ ಮೂರು ಮೊನೆಯ ನಕ್ಷತ್ರದ ಜಾಗಕ್ಕೆ ‘ಟಿ’ ಅಕ್ಷರ ಬಂತು. ಅರ್ಧ ಶತಮಾನ ಕಳೆದರೂ ಹಿರಿಯರ ಬಾಯಲ್ಲಿ ಅದು ಇನ್ನೂ ‘ಬೆಂಜ್ ಲಾರಿ’ಯೇ.

ಈ ಲಾರಿಯ ಮೇಲೆ ಈಗ ಮರಣದಂಡನೆಯ ತೂಗುಕತ್ತಿಯಿದೆ. ಮತ್ತು ಆ ದಂಡನೆಯನ್ನು ವಿಧಿಸುತ್ತಿರುವುದು ಪರಿಸರದ ಹೆಸರಿನಲ್ಲಿ.

2021ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ವಾಹನ ಗುಜರಿ ನೀತಿಯನ್ನು ಜಾರಿಗೆ ತಂದಿತು. ನೀತಿಯ ಅಕ್ಷರವನ್ನಷ್ಟೇ ಓದಿದರೆ ಯಾವ ಖಾಸಗಿ ಲಾರಿಯೂ ವಯಸ್ಸಾಯಿತೆಂಬ ಒಂದೇ ಕಾರಣಕ್ಕೆ ಗುಜರಿಗೆ ಹೋಗಬೇಕಿಲ್ಲ. ಅರ್ಹತಾ ಪರೀಕ್ಷೆಯಲ್ಲಿ ಸೋತರೆ ಮಾತ್ರ ಹೋಗಬೇಕು. ಆದರೆ ಅಕ್ಷರ ಬೇರೆ, ಆಚರಣೆ ಬೇರೆ. 15 ವರ್ಷ ಮೀರಿದ ಸರ್ಕಾರಿ ವಾಹನಗಳನ್ನು 2023ರ ಏಪ್ರಿಲ್‌ನಿಂದ ಅವುಗಳ ಸ್ಥಿತಿಗತಿ ನೋಡದೆಯೇ ಗುಜರಿಗೆ ಕಳಿಸಬೇಕೆಂದಾಯಿತು. ಖಾಸಗಿಯವರಿಗೆ ಶುಲ್ಕದ ಹಗ್ಗ ಬಿಗಿಯಲಾಯಿತು. 2025ರ ನವೆಂಬರ್‌ನ ಅಧಿಸೂಚನೆ 20 ವರ್ಷ ಮೀರಿದ ಭಾರಿ ಸರಕು ವಾಹನದ ಅರ್ಹತಾ ಪರೀಕ್ಷೆಯ ಶುಲ್ಕವನ್ನು 25,000 ರೂಪಾಯಿಗೆ ಏರಿಸಿತು. ಲಾರಿ ಚೆನ್ನಾಗಿದೆಯೇ ಎಂದು ನೋಡುವುದಕ್ಕೆ ತೆರಬೇಕಾದ ದುಡ್ಡು ಇದು. ಲಾರಿ ಚೆನ್ನಾಗಿದ್ದರೂ ಇಷ್ಟೇ, ಕೆಟ್ಟಿದ್ದರೂ ಇಷ್ಟೇ. ಇದಕ್ಕೆ ಪರೀಕ್ಷೆ ಎನ್ನುವುದಕ್ಕಿಂತ ವಯಸ್ಸಿನ ಮೇಲಿನ ದಂಡ ಎನ್ನುವುದೇ ಸರಿ.

ನೀತಿಯ ಉದ್ದೇಶಗಳ ಪಟ್ಟಿಯಲ್ಲಿ ಮಾಲಿನ್ಯ ತಗ್ಗಿಸುವುದರ ಜೊತೆಗೇ ಹೊಸ ವಾಹನಗಳ ಬೇಡಿಕೆ ಹೆಚ್ಚಿಸುವುದೂ ಇದೆ. ಸರ್ಕಾರ ಅದನ್ನು ಬಚ್ಚಿಟ್ಟಿಲ್ಲ. ಬಚ್ಚಿಟ್ಟಂತೆ ನಟಿಸುತ್ತಿರುವವರು ನಗರದ ಪರಿಸರಪ್ರಿಯರು. ಹಳೆಯ ಲಾರಿ ಕಂಡೊಡನೆ ಮೂಗು ಮುಚ್ಚಿಕೊಂಡು, ‘ಇವನ್ನೆಲ್ಲ ಮೊದಲು ಗುಜರಿಗೆ ಹಾಕಬೇಕು’ ಎನ್ನುವ ಮಾತನ್ನು ಚಳವಳಿಯ ಸಭೆಗಳಲ್ಲಿಯೂ ಕೇಳಬಹುದಾಗಿದೆ. ಅದು ಪರಿಸರದ ಮಾತಲ್ಲ, ಷೋರೂಮಿನ ಮಾತು ಎಂಬುದನ್ನು ಗ್ಯಾರೇಜಿನ ನೆಲದಿಂದಲೇ ತೋರಿಸಬೇಕಾಗಿದೆ.

ಲಾರಿಯ ಎಂಜಿನ್ ‘ಕೆಲಸಕ್ಕೆ ಬಂದಿದೆ’ ಎಂದರೆ ಏನಾಗಿದೆ ಎಂದು ಹೆಚ್ಚಿನವರಿಗೆ ತಿಳಿಯದು. ಟಾಟಾದ ಹಳೆಯ ಎಂಜಿನ್‌ಗಳ ಹೆಸರಿನಲ್ಲಿಯೇ ಅವುಗಳ ಜಾತಕವಿದೆ. 692 ಎಂದರೆ ಆರು ಸಿಲಿಂಡರು, ಪ್ರತಿಯೊಂದರ ಒಳವ್ಯಾಸ 92 ಮಿಲಿಮೀಟರು. 697 ಎಂದರೆ ಆರು ಸಿಲಿಂಡರು, 97 ಮಿಲಿಮೀಟರು. ಈ 97 ಮಿಲಿಮೀಟರಿನ ಕೊಳವೆಯೊಳಗೆ ಪಿಸ್ಟನ್ ಲಕ್ಷಾಂತರ ಕಿಲೋಮೀಟರು ಮೇಲೆ ಕೆಳಗೆ ಆಡಿದ ಮೇಲೆ ಗೋಡೆ ಸವೆಯುತ್ತದೆ. ಮೇಲ್ಭಾಗದಲ್ಲಿ, ರಿಂಗು ತಿರುಗಿ ಬರುವ ಜಾಗದಲ್ಲಿ, ಸವೆತ ಹೆಚ್ಚು. ಅಲ್ಲಿ ಉಗುರಿಗೆ ಸಿಗುವಷ್ಟು ಅಂಚು ಏಳುತ್ತದೆ. ಮೇಸ್ತ್ರಿ ಹೆಡ್ ಬಿಚ್ಚಿ, ಬೋರ್ ಗೇಜು ಇಳಿಸಿ ನೋಡುತ್ತಾರೆ. ಕಾಲು ಮಿಲಿಮೀಟರಿನ ಆಸುಪಾಸು ಸವೆದಿದ್ದರೆ ಸಾಕು, ಒತ್ತಡ ನಿಲ್ಲದು, ಎಣ್ಣೆ ಮೇಲೇರಿ ಉರಿಯುತ್ತದೆ, ಘಟ್ಟದಲ್ಲಿ ಎಳೆತ ಸಾಲದಾಗುತ್ತದೆ.

ಕಾಲು ಮಿಲಿಮೀಟರು! ಆರೂ ಸಿಲಿಂಡರಿನಿಂದ ಸವೆದುಹೋದ ಕಬ್ಬಿಣವನ್ನೆಲ್ಲ ಒಂದೆಡೆ ಕೂಡಿಸಿದರೆ ಕಾಲು ಕಿಲೋವೂ ಆಗದು. ಈ ಕಾಲು ಕಿಲೋ ಕಬ್ಬಿಣದ ನಷ್ಟಕ್ಕೆ ಮೇಸ್ತ್ರಿಯ ಬಳಿ ಮದ್ದಿದೆ. ಹಳೆಯ ಲೈನರ್ ತೆಗೆದು ಹೊಸದು ಒತ್ತುವುದು, ಇಲ್ಲವೇ ಬೋರ್ ಮಾಡಿಸಿ ದಪ್ಪನೆಯ ಪಿಸ್ಟನ್ ಹಾಕುವುದು. ಕ್ರ್ಯಾಂಕ್ ದಂಡವನ್ನು ಲೇತಿನ ಅಂಗಡಿಗೆ ಕಳಿಸಿ ಉಜ್ಜಿಸಿ, ಅದಕ್ಕೆ ತಕ್ಕ ಬೇರಿಂಗ್ ಕೂರಿಸುವುದು. ವಾಲ್ವುಗಳನ್ನು ಅರೆದು ಕೂರಿಸುವುದು. ಪಂಪು ಮತ್ತು ನಾಜಲ್‌ಗಳನ್ನು ಪರೀಕ್ಷೆಗೆ ಕೊಡುವುದು. ಹೊಸದಾಗಿ ಬಂದು ಸೇರುವ ಲೋಹ ಐವತ್ತು ಕಿಲೋ ಮೀರುವುದಿಲ್ಲ. ಮಿಕ್ಕದ್ದೆಲ್ಲ ಅದೇ ಚಾಸಿಸ್, ಅದೇ ಆಕ್ಸಲ್, ಅದೇ ಗೇರ್‌ಪೆಟ್ಟಿಗೆ, ಅದೇ ಮರದ ಬಾಡಿ. ಖರ್ಚು ಹೊಸ ಲಾರಿಯ ಬೆಲೆಯ ಹತ್ತರಲ್ಲೊಂದು ಪಾಲಿಗೂ ಕಡಿಮೆ.

ಗುಜರಿ ನೀತಿ ಹೇಳುವ ಮದ್ದು ಬೇರೆ. ನಾಲ್ಕು ಟನ್ನಿಗೂ ಮೇಲೆ ತೂಗುವ ಇಡೀ ಲಾರಿಯನ್ನು ಕತ್ತರಿಸಿ ಹಾಕಿ, ಹೊಸ ವಾಹನದ ಷೋರೂಮ್ ಬೆಲೆಯ ಶೇ. 4ರಿಂದ 6ರಷ್ಟನ್ನು ಗುಜರಿ ಮೌಲ್ಯವಾಗಿ ಪಡೆದು, ಮಿಕ್ಕದ್ದಕ್ಕೆ ಸಾಲ ಮಾಡಿ ಹೊಸದು ಕೊಳ್ಳಬೇಕು. ವರ್ಷಕ್ಕೆ ನಾಲ್ಕು ತಿಂಗಳು ಮಳೆಗೆ ನಿಲ್ಲುವ, ಅಡಿಕೆ ಕೊಯ್ಲಿನಲ್ಲಿ ಮಾತ್ರ ದಿನವಿಡೀ ಓಡುವ ಲಾರಿಗೆ ಇಪ್ಪತ್ತು ಲಕ್ಷಕ್ಕೂ ಮೀರಿದ ಸಾಲ. ಆ ಕಂತು ತೀರಿಸಲು ಲಾರಿ ದಿನವೂ ಓಡಲೇಬೇಕು. ದಿನವೂ ಓಡಬೇಕೆಂದರೆ ದಿನವೂ ಹೇರಲು ಏನಾದರೂ ಬೇಕು. ಊರಿನ ಅಡಿಕೆ ಮುಗಿದ ಮೇಲೆ ಉಳಿಯುವುದೇನು? ಹೊಳೆಯ ಮರಳು, ಗುಡ್ಡದ ಕಲ್ಲು, ತೋಟದ ಮರ. ಸಾಲದ ಲಾರಿ ಕಾಡಿಗೆ ಹಳೆಯ ಲಾರಿಗಿಂತ ಅಪಾಯಕಾರಿ ಎಂಬುದನ್ನು ಯಾವ ನೀತಿಯೂ ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ.

ಇನ್ನು ಕಬ್ಬಿಣ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ. ನಗರದವರಿಗೆ ಅದು ಅಂಗಡಿಯಿಂದ ಬರುತ್ತದೆ. ಬೆಟ್ಟದ ಜನಕ್ಕೆ ಹಾಗೆ ನಂಬುವ ಭಾಗ್ಯವಿಲ್ಲ. ಜಮ್‌ಶೆಡ್‌ಪುರದ ಉಕ್ಕಿನ ಹಿಂದೆ ಹೋ ಆದಿವಾಸಿಗಳ ಸೀಮೆಯ ನೋವಾಮುಂಡಿ ಗಣಿಯಿದೆ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕುಲುಮೆ ಹೊತ್ತಿದಾಗ ಅದಿರು ಕೆಮ್ಮಣ್ಣುಗುಂಡಿಯಿಂದ ಬಂತು, ಉರಿಸಲು ಇದ್ದಿಲು ಮಲೆನಾಡಿನ ಕಾಡಿನಿಂದ ಬಂತು. ಆರಂಭದ ದಶಕಗಳಲ್ಲಿ ಅಲ್ಲಿ ಕಬ್ಬಿಣವೆಂದರೆ ಕರಗಿದ ಕಾಡೇ ಆಗಿತ್ತು. ಕುದುರೆಮುಖದಲ್ಲಿ ಗುಡ್ಡವನ್ನು ಅಗೆದು ಅರೆದು, ಕೊಳವೆಯಲ್ಲಿ ಘಟ್ಟ ಇಳಿಸಿ ಪಣಂಬೂರಿಗೆ ಸಾಗಿಸಿದ್ದನ್ನೂ, ಭದ್ರೆಯ ನೀರು ಕೆಂಪಾದದ್ದನ್ನೂ ಕಂಡ ಕಣ್ಣುಗಳು ಇನ್ನೂ ಮುಚ್ಚಿಲ್ಲ. ಸುಪ್ರೀಂ ಕೋರ್ಟಿನ 2002ರ ಆದೇಶ ಬಂದು, 2005ರ ಡಿಸೆಂಬರ್ ಕೊನೆಗೆ ಆ ಗಣಿ ನಿಲ್ಲುವವರೆಗೆ ನಡೆದ ಹೋರಾಟ ಯಾವುದರ ವಿರುದ್ಧ? ‘ದೇಶಕ್ಕೆ ಕಬ್ಬಿಣ ಬೇಕು’ ಎಂಬ ಮಾತಿನ ವಿರುದ್ಧ. ಗಣಿ ಬೇಡ ಎಂದವರೇ ಈಗ ಇದ್ದ ಲಾರಿ ಒಡೆದು ಹೊಸ ಲಾರಿ ಕೊಳ್ಳಿರಿ ಎಂದರೆ ಅದಕ್ಕೆ ಏನೆನ್ನಬೇಕು?

ಗುಜರಿ ಮರಳಿ ಕರಗುತ್ತದಲ್ಲ ಎಂಬ ವಾದವುಂಟು. ಕರಗುತ್ತದೆ, ನಿಜ. ಆದರೆ ಈ ದೇಶದಲ್ಲಿ ಗುಜರಿ ಕಬ್ಬಿಣ ಬಹುಪಾಲು ಕಟ್ಟಡದ ಸರಳಾಗುತ್ತದೆ. ಲಾರಿ ಕರಗಿ ಮರಳಿ ಲಾರಿಯಾಗುವುದು ಅಪರೂಪ. ಹೊಸ ಲಾರಿಯ ಚಾಸಿಸ್ಸಿಗೆ ಅದಿರಿನ ಉಕ್ಕೇ ಬೇಕು.

ವಿದ್ಯಾರ್ಥಿಗಳು ತಾವೇ ಕೂತು ಮಾಡಿ ನೋಡಬಹುದಾದ ಒಂದು ಲೆಕ್ಕವಿದೆ. ಊರಿನ ಲಾರಿಯೊಂದು ವರ್ಷಕ್ಕೆ 10,000 ಕಿಲೋಮೀಟರು ಓಡುತ್ತದೆ ಎಂದಿಟ್ಟುಕೊಳ್ಳಿ. ಲೀಟರಿಗೆ ನಾಲ್ಕು ಕಿ.ಮೀ. ಎಂದರೆ 2,500 ಲೀಟರು ಡೀಸೆಲ್. ಒಂದು ಲೀಟರು ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ; ವರ್ಷಕ್ಕೆ ಆರೂಮುಕ್ಕಾಲು ಟನ್ನು. ಹೊಸ ಲಾರಿ ಶೇ. 15ರಷ್ಟು ಕಡಿಮೆ ಕುಡಿಯುತ್ತದೆ ಎಂದು ಧಾರಾಳವಾಗಿಯೇ ಒಪ್ಪಿದರೂ ಉಳಿಯುವುದು ವರ್ಷಕ್ಕೆ ಒಂದು ಟನ್ನು. ಅದಿರಿನಿಂದ ಒಂದು ಟನ್ ಉಕ್ಕು ತಯಾರಿಸುವಾಗ ಎರಡು ಟನ್ನಿಗೂ ಹೆಚ್ಚು ಇಂಗಾಲ ಗಾಳಿಗೆ ಸೇರುತ್ತದೆ. ನಾಲ್ಕು ಟನ್ನಿನ ಲಾರಿಗೆ ಎಂಟು ಟನ್ನು. ಟಯರು, ಬ್ಯಾಟರಿ, ಬಣ್ಣ, ಸಾಗಣೆ ಬೇರೆ. ಹೊಸ ಲಾರಿ ಮನೆಗೆ ಬರುವ ಮುನ್ನವೇ ಹೊತ್ತು ತಂದ ಈ ಸಾಲವನ್ನು ತೀರಿಸಲು ಅದಕ್ಕೆ ಎಂಟು ವರ್ಷಕ್ಕೂ ಹೆಚ್ಚು ಬೇಕು. ಹೆದ್ದಾರಿಯಲ್ಲಿ ದಿನಕ್ಕೆ 300 ಕಿ.ಮೀ. ಓಡುವ ಲಾರಿಯಾದರೆ ಇದೇ ಲೆಕ್ಕ ತಲೆಕೆಳಗಾಗಿ, ಒಂದು ವರ್ಷದೊಳಗೆ ಹೊಸದೇ ಮೇಲೆನಿಸುತ್ತದೆ. ಆದ್ದರಿಂದ ಇಲ್ಲಿನ ವಾದ ಎಲ್ಲ ಹಳೆಯ ಲಾರಿಗಳ ಪರವಲ್ಲ, ಕಡಿಮೆ ಓಡುವ ಹಳೆಯ ಲಾರಿಯ ಪರ. ವಯಸ್ಸೊಂದನ್ನೇ ಅಳೆಯುವ ಕೋಲಿಗೆ ಈ ಎರಡರ ವ್ಯತ್ಯಾಸ ಕಾಣುವುದಿಲ್ಲ ಎಂಬುದೇ ಆಕ್ಷೇಪ.

ಆದರೆ ಇಂಗಾಲ ಒಂದೇ ವಿಷಯವಲ್ಲ. ಹೊಗೆಯಿದೆ, ಮಸಿಯಿದೆ. ಇಲ್ಲಿ ಹಳೆಯ ಲಾರಿಯನ್ನು ಸಮರ್ಥಿಸುವವರು ಸುಳ್ಳು ಹೇಳಬಾರದು. ಡೀಸೆಲ್ ಹೊಗೆ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿಯೇ ಖಚಿತವಾಗಿ ಹೇಳಿದೆ. 2000ನೇ ಇಸವಿಯಲ್ಲಿ ಬಂದ ಮೊದಲ ಹಂತದ ಮಾನದಂಡ ಭಾರಿ ಡೀಸೆಲ್ ಎಂಜಿನ್ನಿಗೆ ಕಿಲೋವ್ಯಾಟ್-ಗಂಟೆಗೆ 0.36 ಗ್ರಾಂ ಮಸಿಗೆ ಅವಕಾಶ ಕೊಟ್ಟಿತ್ತು. 2020ರ ಏಪ್ರಿಲ್‌ನಿಂದ ಜಾರಿಯಾದ ಬಿಎಸ್-6ರಲ್ಲಿ ಅದು 0.01 ಗ್ರಾಂ. ಮೂವತ್ತಾರು ಪಟ್ಟು ವ್ಯತ್ಯಾಸ. 1992ಕ್ಕೆ ಮುಂಚಿನ ಲಾರಿಗಂತೂ ಇಂಥ ಮಿತಿಯೇ ಇರಲಿಲ್ಲ. ಎಷ್ಟೇ ಚೆನ್ನಾಗಿ ರಿಪೇರಿ ಮಾಡಿದರೂ ಹಳೆಯ ಎಂಜಿನ್ ಹೊಸದರಷ್ಟು ಶುಭ್ರವಾಗದು. ಬೆಂಗಳೂರಿನಂಥ ನಗರದ ಉಸಿರುಗಟ್ಟಿದ ಬೀದಿಗೆ ಇಂಥ ಲಾರಿ ಬರಬಾರದು ಎಂದರೆ ಅದನ್ನು ವಿರೋಧಿಸಲು ಕಾರಣವಿಲ್ಲ.

ಆದರೂ ಹೊಗೆಯ ಬಣ್ಣ ಓದಲು ಬಂದವರಿಗೆ ಇನ್ನೊಂದು ಸತ್ಯ ತಿಳಿದಿದೆ. ನೀಲಿ ಹೊಗೆ ಎಂದರೆ ಎಂಜಿನ್ ಎಣ್ಣೆ ಉರಿಯುತ್ತಿದೆ. ಅದು ಸವೆದ ಬೋರು ಮತ್ತು ರಿಂಗಿನ ದೋಷ. ಬಿಳಿ ಹೊಗೆ ಎಂದರೆ ಡೀಸೆಲ್ ಉರಿಯದೇ ಹೊರಬರುತ್ತಿದೆ. ಅದು ತಣ್ಣಗಿನ ಎಂಜಿನ್ ಅಥವಾ ಪಂಪಿನ ಸಮಯದ ದೋಷ. ಕಪ್ಪು ಹೊಗೆ ಎಂದರೆ ಗಾಳಿಗಿಂತ ಡೀಸೆಲ್ ಹೆಚ್ಚಾಗಿದೆ. ಮೂರಕ್ಕೂ ಕಾರಣ ವಯಸ್ಸಲ್ಲ, ಉಪೇಕ್ಷೆ. ಕಪ್ಪು ಹೊಗೆಯಂತೂ ಬಹಳ ಸಲ ಬೇಕೆಂದೇ ಮಾಡಿದ್ದು. ಘಟ್ಟ ಏರುವಾಗ ಎಳೆತ ಸಾಲದೆಂದು ಪಂಪಿನ ತಿರುಪು ತಿರುಗಿಸಿ ಡೀಸೆಲ್ ಹೆಚ್ಚಿಸುತ್ತಾರೆ. ಸಮುದ್ರಮಟ್ಟಕ್ಕಿಂತ 1,000 ಮೀಟರ್ ಎತ್ತರದಲ್ಲಿ ಗಾಳಿ ಸುಮಾರು ಹತ್ತರಲ್ಲೊಂದು ಪಾಲು ತೆಳುವಾಗಿರುತ್ತದೆ. ಟರ್ಬೊ ಇಲ್ಲದ ಹಳೆಯ ಎಂಜಿನ್ನಿಗೆ ಅಲ್ಲಿ ಡೀಸೆಲ್ ಕಡಿಮೆ ಮಾಡಬೇಕೇ ಹೊರತು ಹೆಚ್ಚಿಸಬಾರದು. ಹೆಚ್ಚಿಸಿದ್ದೆಲ್ಲ ಮಸಿಯಾಗಿ ಶಾಲೆಗೆ ಹೊರಟ ಮಕ್ಕಳ ಮುಖಕ್ಕೆ ಬಡಿಯುತ್ತದೆ. ಪಂಪು ಹಿಗ್ಗಿಸಿ ಓಡಿಸುವ ಮಾಲೀಕ ಗುಜರಿ ನೀತಿಯ ಬಲಿಪಶು ಅಲ್ಲ, ಅದರ ಪ್ರಚಾರಕ. ಅವನ ಒಂದು ಲಾರಿಯ ಹೊಗೆ ನೂರು ಒಳ್ಳೆಯ ಲಾರಿಗಳಿಗೆ ಕೆಟ್ಟ ಹೆಸರು ತರುತ್ತದೆ.

ಪಂಪನ್ನು ಸರಿಪಡಿಸುವುದು ದೇವರ ಕೆಲಸವೇನಲ್ಲ. 1951ರಲ್ಲಿ ಬೆಂಗಳೂರಿನಲ್ಲಿ ನೆಲೆಯಾದ ಮೈಕೋ ಕಾರ್ಖಾನೆಯ ಪಂಪು-ನಾಜಲ್‌ಗಳನ್ನು ಬಿಚ್ಚಿ ಜೋಡಿಸಬಲ್ಲ ಕೈಗಳು ಜಿಲ್ಲೆ ಜಿಲ್ಲೆಯಲ್ಲಿಯೂ ಇವೆ. ಪರೀಕ್ಷಾ ಬೆಂಚಿನ ಮೇಲೆ ಆರೂ ಕೊಳವೆಗಳಿಗೆ ಸಮನಾಗಿ ಡೀಸೆಲ್ ಬೀಳುವಂತೆ ಅಳೆದು, ತಿರುಪಿಗೆ ಸೀಲು ಹಾಕಿದರೆ ಕೆಲಸ ಮುಗಿಯಿತು. ಬಿಎಸ್-4ಕ್ಕೆ ಮುಂಚಿನ ಡೀಸೆಲ್ ವಾಹನಕ್ಕೆ ಹೊಗೆಯ ಮಿತಿ 65 ಹಾರ್ಟ್ರಿಜ್ ಮಾನ. ಒಳ್ಳೆಯ ರಿಪೇರಿಯಾದ ಎಂಜಿನ್ ಈ ಮಿತಿಯೊಳಗೆ ಉಳಿಯಬಲ್ಲದು. ಉಳಿಯದಿದ್ದರೆ ನಿಲ್ಲಿಸಿ, ಅದಕ್ಕೆ ಯಾರ ತಕರಾರೂ ಇರಬಾರದು. ವಯಸ್ಸು ಕೇಳುವುದರ ಬದಲು ಹೊಗೆ ಅಳೆಯಿರಿ, ಬ್ರೇಕು ನೋಡಿರಿ. ದೆಹಲಿಯಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳನ್ನು ತಡೆಯುವ ಆದೇಶವನ್ನು ಹಸಿರು ನ್ಯಾಯಮಂಡಳಿ 2015ರಲ್ಲಿ ಕೊಟ್ಟು, ಸುಪ್ರೀಂ ಕೋರ್ಟ್ 2018ರಲ್ಲಿ ಅದನ್ನು ಒಪ್ಪಿದ್ದರೂ, 2025ರಲ್ಲಿ ಅದೇ ಕೋರ್ಟಿನ ಮುಂದೆ ವಯಸ್ಸೆಂಬ ಅಳತೆಗೋಲೇ ಪ್ರಶ್ನೆಗೊಳಗಾಯಿತೆಂಬುದನ್ನು ಮರೆಯಬಾರದು.

ಹಳೆಯ ವಾಹನಗಳ ಬಗ್ಗೆ ಈ ಸರ್ಕಾರಕ್ಕೆ ಪ್ರೀತಿಯೇ ಇಲ್ಲ ಎಂದರೆ ತಪ್ಪಾದೀತು. ಪ್ರೀತಿಯಿದೆ, ಆದರೆ ಲಾರಿಯ ಮೇಲಲ್ಲ. 2021ರ ಜುಲೈನಲ್ಲಿ, ಅಂದರೆ ಗುಜರಿ ನೀತಿ ಹೊರಡುವ ಒಂದು ತಿಂಗಳ ಮುಂಚೆ, ವಿಂಟೇಜ್ ವಾಹನಗಳ ನಿಯಮ ಹೊರಬಿತ್ತು. ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಸ್ವಂತ ಬಳಕೆಯ ಕಾರು ಮತ್ತು ದ್ವಿಚಕ್ರ ವಾಹನಗಳಿಗೆ ವಿಶೇಷ ನೋಂದಣಿ. 20,000 ರೂಪಾಯಿ ಕಟ್ಟಿದರೆ ಹತ್ತು ವರ್ಷಕ್ಕೆ ನಿಶ್ಚಿಂತೆ. ಷರತ್ತು ಎರಡು. ಚಾಸಿಸ್ಸಾಗಲಿ ಹೊರಮೈಯಾಗಲಿ ಎಂಜಿನ್ನಾಗಲಿ ಗಣನೀಯವಾಗಿ ಬದಲಾಗಿರಬಾರದು. ಪ್ರದರ್ಶನ, ರ‍್ಯಾಲಿ, ಇಂಧನ, ದುರಸ್ತಿ ಮುಂತಾದವಕ್ಕಲ್ಲದೆ ರಸ್ತೆಗೆ ಇಳಿಯಬಾರದು. ಅಂದರೆ ದುಡಿಯದಿದ್ದರೆ ಬದುಕಬಹುದು. ಸಾಹುಕಾರರ ಗ್ಯಾರೇಜಿನಲ್ಲಿ ವರ್ಷಕ್ಕೊಮ್ಮೆ ಮೈ ಒರೆಸಿಕೊಂಡು ಹೊರಬರುವ ಕಾರು ರಾಷ್ಟ್ರದ ಪರಂಪರೆ. ಐವತ್ತು ವರ್ಷ ಊರಿನ ಗೊಬ್ಬರ ಹೊತ್ತ ಲಾರಿ ರಾಷ್ಟ್ರದ ಕಸ. ಸರಕು ಹೊರುವ ವಾಹನಕ್ಕೆ ಈ ನಿಯಮದಲ್ಲಿ ಜಾಗವೇ ಇಲ್ಲ.

ಪೂರ್ವ ಹಿಮಾಲಯದ ಒಂದು ಉದಾಹರಣೆ ಇಲ್ಲಿ ಕಣ್ಣು ತೆರೆಸಬಲ್ಲದು. ಡಾರ್ಜಿಲಿಂಗ್ ಜಿಲ್ಲೆಯ ಮಾನೇಭಂಜ್ಯಾಂಗ್ ಎಂಬಲ್ಲಿಂದ 3,636 ಮೀಟರ್ ಎತ್ತರದ ಸಂದಕ್ಫುವಿಗೆ ಮೂವತ್ತಕ್ಕೂ ತುಸು ಹೆಚ್ಚು ಕಿಲೋಮೀಟರಿನ ಕಡಿದಾದ ದಾರಿಯಿದೆ. ಬ್ರಿಟನ್ನಿನಲ್ಲಿ 1950ರ ದಶಕದಲ್ಲಿ ತಯಾರಾದ ಲ್ಯಾಂಡ್ ರೋವರ್‌ಗಳು ಆ ದಾರಿಯಲ್ಲಿ ದಶಕಗಳ ಕಾಲ ಜನರನ್ನೂ ದಿನಸಿಯನ್ನೂ ಹೊತ್ತವು. ಬಿಡಿಭಾಗ ಸಿಗದೆ ಹೋದಾಗ ಅಲ್ಲಿನ ಚಾಲಕರು ಅನೇಕ ಗಾಡಿಗಳ ಮೂಲ ಎಂಜಿನ್ ಕಳಚಿ, ಮಹೀಂದ್ರದ ಡೀಸೆಲ್ ಎಂಜಿನ್ ಕೂರಿಸಿಕೊಂಡರು. ಲೋಕದ ಬೇರೆಡೆ ವಸ್ತುಸಂಗ್ರಹಾಲಯ ಸೇರಿದ ಗಾಡಿ ಅಲ್ಲಿ ಜೀವಂತವಾಗಿ ಉಳಿದದ್ದು ಹೀಗೆ, ಬೇರೆ ಎಂಜಿನ್ನಿನ ಕೃಪೆಯಿಂದ. ವಿಂಟೇಜ್ ನಿಯಮದ ಪ್ರಕಾರ ಇದೇ ಅದರ ಅಪರಾಧ. ಬಾಡಿಗೆಗೆ ಓಡುವುದು ಎರಡನೆಯ ಅಪರಾಧ.

ಎಂಜಿನ್ ಬದಲಿಸುವುದು ಈ ದೇಶದಲ್ಲಿ ಹೊಸ ಚಟವೇನಲ್ಲ, ಬಡತನದ ಜಾಣ್ಮೆ. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಬಸ್ಸು ಲಾರಿಗಳ ಬೆನ್ನಿಗೆ ಒಲೆ ಕಟ್ಟಿ, ಇದ್ದಿಲಿನ ಗ್ಯಾಸಿನಿಂದ ಓಡಿಸಿದರು. ಅಜ್ಜಂದಿರ ಕಥೆಗಳಲ್ಲಿ ಆ ಇದ್ದಿಲು ಬಸ್ಸು ಇನ್ನೂ ಏದುಸಿರು ಬಿಡುತ್ತಿದೆ. ಯುದ್ಧ ಮುಗಿದು ಸೈನ್ಯದ ಶೆವ್ರೊಲೆ, ಫೋರ್ಡ್ ಲಾರಿಗಳು ಹರಾಜಿಗೆ ಬಂದವು. ಅವು ಪೆಟ್ರೋಲ್ ಕುಡಿಯುವ ಪರಿಗೆ ಬೆದರಿದ ಮಾಲೀಕರು ಮದ್ರಾಸಿನ ಸಿಂಪ್ಸನ್ ಕಾರ್ಖಾನೆಯ ಪರ್ಕಿನ್ಸ್ ಡೀಸೆಲ್ ಎಂಜಿನ್‌ಗಳತ್ತ ತಿರುಗಿದರು. 692 ಸೋತಲ್ಲಿ 697 ಬಂದು ಕೂತದ್ದು ಆಮೇಲಿನ ಮಾತು.

ಆದರೆ ರಿಪೇರಿ ಬೇರೆ, ಬದಲಾವಣೆ ಬೇರೆ. ಈ ವ್ಯತ್ಯಾಸವನ್ನು ಮಸುಕು ಮಾಡುವುದು ಅಪಾಯಕರ. ಪೆಟ್ರೋಲ್ ಎಂಜಿನ್ ಗಾಳಿ ಎಳೆಯುವಾಗ ಅದರ ಕೊಳವೆಯಲ್ಲಿ ಹುಟ್ಟುವ ನಿರ್ವಾತದಿಂದ ಬ್ರೇಕಿಗೆ ಬಲ ಸಿಗುವಂತೆ ಎಷ್ಟೋ ಗಾಡಿಗಳಲ್ಲಿ ಏರ್ಪಾಡಿರುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಆ ನಿರ್ವಾತವಿಲ್ಲ. ಬೇರೆ ನಿರ್ವಾತ ಪಂಪು ಕೂರಿಸದೆ ಎಂಜಿನ್ ಮಾತ್ರ ಬದಲಿಸಿದರೆ ಏರಲು ಶಕ್ತಿ ಬಂತು, ಇಳಿಯಲು ಬ್ರೇಕು ಹೋಯಿತು. ಆಗುಂಬೆಯ 14 ಹೇರ್‌ಪಿನ್ ತಿರುವುಗಳಂಥ ದಾರಿಯನ್ನು ಕಂಡವರಿಗೆ ಇದರ ಅರ್ಥ ವಿವರಿಸಬೇಕಿಲ್ಲ. ದೊಡ್ಡ ಎಂಜಿನ್ನಿನ ಭಾರಕ್ಕೆ ಮುಂದಿನ ಆಕ್ಸಲ್, ಅದರ ತಿರುಚುವ ಬಲಕ್ಕೆ ಹಳೆಯ ಗೇರ್‌ಪೆಟ್ಟಿಗೆ ತಾಳಬೇಕು. ತಯಾರಕರು ನಮೂದಿಸಿದ ವಿವರಕ್ಕೆ ವ್ಯತಿರಿಕ್ತವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಈ ವಿಷಯದಲ್ಲಿ ಕಾಯ್ದೆಯ ಪರ ನಿಲ್ಲುವುದೇ ವಿವೇಕ.

ಮೋಜಿಗಾಗಿ ಎಂಜಿನ್ ಬದಲಿಸುವ ಇನ್ನೊಂದು ವರ್ಗ ಈಗ ಬೆಟ್ಟಕ್ಕೆ ಬಂದಿದೆ. ಹಳೆಯ ಜೀಪು ಕೊಂಡು, ಅದಕ್ಕೆ ಎರಡು ಪಟ್ಟು ಶಕ್ತಿಯ ಎಂಜಿನ್ ಕಟ್ಟಿ, ಎಮ್ಮೆಯೆತ್ತರದ ಟಯರು ತೊಡಿಸಿ, ವಾರಾಂತ್ಯದಲ್ಲಿ ಶೋಲೆಯ ನೆತ್ತಿಯ ಹುಲ್ಲುಗಾವಲನ್ನು ಉಳುವವರು ಇವರು. ಒಂದು ಮಳೆಗಾಲದ ಮುನ್ನ ಬಿದ್ದ ಚಕ್ರದ ಗೀರು ಮಳೆ ಕಳೆದ ಮೇಲೆ ಕೊರಕಲಾಗುತ್ತದೆ. ಅಲ್ಲಿಂದ ಇಳಿದ ಮಣ್ಣು ತೊರೆಗೆ ಸೇರುತ್ತದೆ. ಇವರ ಗಾಡಿಗೂ ಊರಿನ ಲಾರಿಗೂ ಹೋಲಿಕೆ ಹಳೆಯ ತಗಡಿನಲ್ಲಿ ಮಾತ್ರ.

ಊರಿನ ಲಾರಿಯೂ ಪಾಪಮುಕ್ತವಲ್ಲ. ಮಲೆನಾಡಿನ ಮತ್ತಿ, ನಂದಿ, ಹೊನ್ನೆಗಳನ್ನು ಹೊತ್ತು ಘಟ್ಟ ಇಳಿಸಿದ್ದು ಇದೇ ಬೆಂಜ್ ಲಾರಿಗಳು. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತ ದಿನಗಳಲ್ಲಿ ಕಾಡಿನ ದಾರಿಯಲ್ಲಿ ಲಾರಿಯ ಸದ್ದೆಂದರೆ ಕೊಡಲಿಯ ಸದ್ದು. ಆ ನೆನಪಿರುವ ಹಿರಿಯರಿಗೆ ಲಾರಿಯನ್ನು ಉಳಿಸುವ ಮಾತು ರುಚಿಸದಿದ್ದರೆ ಅದು ಸಹಜ. ಆದರೆ ಮರ ಕಡಿಸಿದ್ದು ಗುತ್ತಿಗೆ, ಲಾರಿಯಲ್ಲ. ಹೊಸ ಲಾರಿ ಬಂದರೆ ಆ ಗುತ್ತಿಗೆದಾರನಿಗೇನೂ ತೊಂದರೆಯಿಲ್ಲ. ಸಾಲ ಸಿಗುವುದು ಮೊದಲು ಅವನಿಗೇ.

ಹೊಸ ಲಾರಿಯ ವಿಷಯದಲ್ಲಿ ಇನ್ನೊಂದು ಮಾತಿದೆ. ಬಿಎಸ್-6 ಎಂಜಿನ್ನಿನ ಮಸಿ ಹಿಡಿಯುವ ಜಾಲರಿ ತನ್ನೊಳಗೆ ತುಂಬಿದ ಮಸಿಯನ್ನು ಆಗಾಗ ಸುಟ್ಟುಕೊಳ್ಳಬೇಕು. ಅದಕ್ಕೆ ಬೇಕಾದ ಕಾವು ದೀರ್ಘ ಓಟದಲ್ಲಿ ಹುಟ್ಟುತ್ತದೆ. ಮನೆಯಿಂದ ಮಂಡಿಗೆ, ಮಂಡಿಯಿಂದ ಮನೆಗೆ ಎಂದು ಎರಡನೇ ಗೇರಿನಲ್ಲಿ ತೆವಳುವ ಲಾರಿಯಲ್ಲಿ ಜಾಲರಿ ಕಟ್ಟಿಕೊಳ್ಳುವುದು ಹೆಚ್ಚು. ಆಗ ಎಚ್ಚರಿಕೆಯ ದೀಪ ಹೊತ್ತುತ್ತದೆ, ಎಂಜಿನ್ ಶಕ್ತಿ ಕುಗ್ಗಿಸಿಕೊಳ್ಳುತ್ತದೆ, ಕಂಪ್ಯೂಟರ್ ಹಿಡಿದ ಅಧಿಕೃತ ಸೇವಾಕೇಂದ್ರದವರು ನೂರು ಕಿಲೋಮೀಟರು ದೂರದಿಂದ ಬರುವವರೆಗೆ ಅಡಿಕೆ ಮೂಟೆ ದಾರಿಯಲ್ಲೇ ಕೂರುತ್ತದೆ. ಊರಿನ ಮೇಸ್ತ್ರಿ ಬಾನೆಟ್ ಎತ್ತಿ ನೋಡಿ, ‘ಇದು ನನ್ನ ಕೈಯಲ್ಲಿ ಆಗೂದಲ್ಲ ಹೆಗ್ಡೇರೇ, ಕಂಪ್ನಿಯವ್ರನ್ನೇ ಕರ್ಸಿ’ ಎಂದು ಕೈ ಒರೆಸಿಕೊಳ್ಳುತ್ತಾರೆ. ಆ ಒಂದು ಮಾತಿನಲ್ಲಿ ಒಂದು ಊರಿನ ವಿದ್ಯೆ ಮುಗಿಯುತ್ತದೆ. ಶುಭ್ರ ಗಾಳಿಗೆ ಈ ತಂತ್ರ ಬೇಕಿರಬಹುದು. ಆದರೆ ಅದರ ಬೀಗದಕೈ ಕಂಪನಿಯ ಜೇಬಿನಲ್ಲಿ ಮಾತ್ರ ಏಕಿರಬೇಕು? ಎಂಜಿನ್ನಿನ ಒತ್ತಡದ ನಕ್ಷೆಯನ್ನು ಕಪ್ಪುಹಲಗೆಯ ಮೇಲೆ ತಪ್ಪಿಲ್ಲದೆ ಬರೆಯುವ ಇಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಬೋರ್ ಗೇಜು ಮುಟ್ಟಿದವರು ಎಷ್ಟು ಮಂದಿ? ರಜೆಯಲ್ಲಿ ಹತ್ತು ದಿನ ಊರಿನ ಗ್ಯಾರೇಜಿನಲ್ಲಿ ಕೂತರೆ ಕಳೆದುಕೊಳ್ಳುವುದೇನೂ ಇಲ್ಲ.

ಬೆಟ್ಟದ ಊರುಗಳು ಕೇಳಬೇಕಾದದ್ದು ದಯೆಯಲ್ಲ, ನ್ಯಾಯವಾದ ಪರೀಕ್ಷೆ. ಅರ್ಹತಾ ಶುಲ್ಕ ವಾಹನದ ವಯಸ್ಸಿಗೆ ಬದಲು ಅದು ವರ್ಷಕ್ಕೆ ಓಡುವ ದೂರಕ್ಕೆ ಮತ್ತು ಹೊಗೆಯ ಪ್ರಮಾಣಕ್ಕೆ ತಕ್ಕಂತಿರಲಿ. ಹೊಗೆ ಅಳೆಯುವ ಯಂತ್ರ ತಾಲ್ಲೂಕಿಗೆ ಬರಲಿ. ಲಾರಿ ಘಟ್ಟ ಇಳಿದು ಹೋಗಿ ದಿನಗಟ್ಟಲೆ ಸರದಿಯಲ್ಲಿ ನಿಲ್ಲುವಂತಾಗದಿರಲಿ. ಎಂಜಿನ್ ರಿಪೇರಿಯಾದ ಲಾರಿಗೆ ಬೋರಿನ ಅಳತೆ, ಪಂಪಿನ ಸೀಲು, ಹೊಗೆಯ ಅಂಕಿ ಮೂರನ್ನೂ ಬರೆದ ದಾಖಲೆಯಿರಲಿ, ಅದಕ್ಕೆ ಕಾನೂನಿನ ಮಾನ್ಯತೆ ಇರಲಿ. ಅಂಥ ದಾಖಲೆಯನ್ನು ತಪ್ಪದೆ ಇಡುತ್ತೇವೆ ಎಂದು ಲಾರಿ ಮಾಲೀಕರು ಮೊದಲು ಒಪ್ಪಲಿ.

ಗ್ಯಾರೇಜಿನವರೂ ಒಪ್ಪಬೇಕಾದ ಒಂದು ಮಾತಿದೆ. ಒಂದು ಲಾರಿಯ ಎಂಜಿನ್ನಿನಿಂದ ಪ್ರತಿ ಸಲ ಹತ್ತು ಲೀಟರಿಗೂ ಹೆಚ್ಚು ಸುಟ್ಟ ಎಣ್ಣೆ ಇಳಿಯುತ್ತದೆ. ಅದು ಹೋಗುವುದೆಲ್ಲಿಗೆ? ಮೊದಲ ಮಳೆಗೆ ಗ್ಯಾರೇಜಿನ ಮುಂದಿನ ಚರಂಡಿಯಲ್ಲಿ ಕಾಣುವ ಕಾಮನಬಿಲ್ಲೇ ಉತ್ತರ. ಅದೇ ನೀರು ಕೆಳಗಿನ ಗದ್ದೆಗೆ, ಹಳ್ಳಕ್ಕೆ, ಮೀನಿಗೆ. ಹಳೆಯ ಬ್ರೇಕ್ ಪಟ್ಟಿ, ಗ್ಯಾಸ್ಕೆಟ್‌ಗಳಲ್ಲಿ ಕಲ್ನಾರು ಇರುತ್ತದೆ. ಅದನ್ನು ಗಾಳಿ ಊದಿ ಸ್ವಚ್ಛ ಮಾಡುವ ಹುಡುಗನ ಪುಪ್ಪುಸ ಯಾರ ಲೆಕ್ಕದಲ್ಲಿಯೂ ಇಲ್ಲ. ಬಟ್ಟೆ ಒದ್ದೆ ಮಾಡಿ ಒರೆಸಿದರೆ ತಪ್ಪುವ ಅಪಾಯ ಅದು. ಬಳಸಿದ ಎಣ್ಣೆ ಕಾನೂನಿನಲ್ಲಿ ಅಪಾಯಕಾರಿ ತ್ಯಾಜ್ಯ. ಅದನ್ನು ಮರಳಿ ಪಡೆಯುವ ಹೊಣೆಯನ್ನು 2024ರ ಏಪ್ರಿಲ್‌ನಿಂದ ಎಣ್ಣೆ ತಯಾರಕರ ಮೇಲೂ ಹೊರಿಸಲಾಗಿದೆ. ಮೃಗಶಿರಾ ಮಳೆ ಹಿಡಿಯುವ ಮುನ್ನ ಪ್ರತಿ ಗ್ಯಾರೇಜಿನಲ್ಲಿ ಮುಚ್ಚಳವಿರುವ ಒಂದು ಪೀಪಾಯಿ ಇರಲಿ. ತುಂಬಿದ ಪೀಪಾಯಿಯನ್ನು ನೋಂದಾಯಿತ ಮರುಸಂಸ್ಕರಣೆಯವರಿಗೆ ದಾಟಿಸುವ ವ್ಯವಸ್ಥೆಯನ್ನು ಪಂಚಾಯಿತಿ ಮಾಡಲಿ. ಮುಂದಿನ ಗ್ರಾಮಸಭೆಯಲ್ಲಿ ಲಾರಿ ಮಾಲೀಕರೂ ಮೇಸ್ತ್ರಿಗಳೂ ಒಟ್ಟಿಗೆ ಕೂತು ಈ ಪೀಪಾಯಿಯ ವಿಷಯವನ್ನೇ ಮೊದಲು ಎತ್ತಲಿ, ಶುಲ್ಕದ ವಿಷಯವನ್ನು ಆಮೇಲೆ.